ಹಗ್ಗ ಎಳೆದರೂ ಏಳದ ಎಂಜಿನ್

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ 10 ಅಶ್ವಶಕ್ತಿಯೊಳಗಿನ ಮೋಟಾರು ಕಟ್ಟಿಕೊಂಡ ನಾಡದೋಣಿಗಳಿಗೆ ಅವಕಾಶವಿದೆ. ಆ ದೋಣಿಗಳ ಮೀನುಗಾರರ ಪಾಲಿಗೆ ಮಳೆಗಾಲವೇ ಸುಗ್ಗಿ. ಅಂಥ ದಿನಗಳಲ್ಲಿ ಹಳೆಯ ಔಟ್‌ಬೋರ್ಡ್ ಎಂಜಿನ್ ಹಗ್ಗ ಎಳೆದೆಳೆದು ತೋಳು ಸೋತರೂ ಏಳದಿದ್ದರೆ ಆ ದಿನದ ದುಡಿಮೆ ಹೋದಂತೆಯೇ.

ಎಂಜಿನ್ ಏಳಲು ಬೇಕಾದದ್ದು ಮೂರೇ: ಸರಿಯಾದ ಹದದಲ್ಲಿ ಗಾಳಿ ಬೆರೆತ ಇಂಧನ, ಅದನ್ನು ಒತ್ತಿ ಹಿಡಿಯುವ ಸಿಲಿಂಡರ್, ತಕ್ಕ ಕ್ಷಣಕ್ಕೆ ಹಾರುವ ಕಿಡಿ. ಕೊರತೆ ಯಾವುದರದ್ದು ಎಂದು ತಿಳಿಯದೆ ಬಿಡಿಭಾಗ ಬದಲಿಸುತ್ತ ಹೋದರೆ ದುಡ್ಡು ಖರ್ಚಾಗುತ್ತದೆಯೇ ಹೊರತು ಎಂಜಿನ್ ಏಳುವುದಿಲ್ಲ.

ತಪಾಸಣೆ ಶುರುವಾಗಬೇಕಾದದ್ದು ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗಿನಿಂದ. ಒಂದಷ್ಟು ಬಾರಿ ಹಗ್ಗ ಎಳೆದ ಮೇಲೆ ಅದನ್ನು ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಇಂಧನ ಒಳಗೆ ಬಂದೇ ಇಲ್ಲ: ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ಮುಚ್ಚಿದೆಯೋ, ಫಿಲ್ಟರ್ ಕಟ್ಟಿದೆಯೋ, ಕಾರ್ಬುರೇಟರಿನ ಸಣ್ಣ ರಂಧ್ರಕ್ಕೆ ಕಸ ಕೂತಿದೆಯೋ ಹುಡುಕಬೇಕು. ಗಾಳಿಕಿಂಡಿ ಮುಚ್ಚಿದ್ದರೆ ಎದ್ದ ಎಂಜಿನ್ನೂ ಸ್ವಲ್ಪ ಹೊತ್ತಿಗೆ ನಿಂತುಬಿಡುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಇಂಧನ ಕೆಳಗಿಳಿಯುವುದಿಲ್ಲ.

ತುದಿ ಒದ್ದೆಯಾಗಿದ್ದರೆ ಮೂಸಿ ನೋಡಿ. ಪೆಟ್ರೋಲಿನ ಒದ್ದೆ ಗಾಳಿಗೆ ಹಿಡಿದರೆ ಬೇಗ ಆರುತ್ತದೆ. ಆರದೆ ಜಿಡ್ಡಾಗಿ ಉಳಿದು ಸೀಮೆಎಣ್ಣೆಯ ವಾಸನೆ ಬಂದರೆ ಅರ್ಧ ಉತ್ತರ ಸಿಕ್ಕಿದಂತೆ. ಉರಿಯುವುದು ದ್ರವವಲ್ಲ, ಅದರ ಆವಿ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಬೇಕು. ಮಳೆಗಾಲದ ಮುಂಜಾನೆ ತಣ್ಣಗಿರುವ ಸಿಲಿಂಡರಿನೊಳಗೆ ಅದು ಹನಿಯಾಗಿಯೇ ಉಳಿಯುತ್ತದೆ. ಕಿಡಿ ಹಾರುತ್ತದೆ, ಹೊತ್ತಿಕೊಳ್ಳಲು ಆವಿಯೇ ಇರುವುದಿಲ್ಲ.

ಆದ್ದರಿಂದಲೇ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗಳು ಪೆಟ್ರೋಲಿನಲ್ಲಿ ಎದ್ದು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುತ್ತವೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಲೇಬೇಕು. ಮರೆತರೆ ಕಾರ್ಬುರೇಟರಿನ ಬಟ್ಟಲಲ್ಲಿ ಸೀಮೆಎಣ್ಣೆ ಉಳಿಯುತ್ತದೆ. ಮರುದಿನ ಎಂಜಿನ್ ಮೊದಲು ಹೀರುವುದು ಅದನ್ನೇ. ಅಡಿಯ ಸ್ಕ್ರೂ ಸಡಿಲಿಸಿ ಅದನ್ನು ಬಸಿದು, ಪೆಟ್ರೋಲ್ ತುಂಬಿ, ಪ್ಲಗ್ ಒರೆಸಿ ಹಾಕಿದರೆ ಬಹಳಷ್ಟು ಎಂಜಿನ್‌ಗಳು ಏಳುತ್ತವೆ.

ಬಸಿದದ್ದನ್ನು ಗಾಜಿನ ಬಾಟಲಿಗೆ ಹಿಡಿದು ತುಸು ಹೊತ್ತು ಇಡಿ. ನೀರು ಸೇರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕಾಣುತ್ತದೆ, ಏಕೆಂದರೆ ಪೆಟ್ರೋಲ್, ಸೀಮೆಎಣ್ಣೆ ಎರಡೂ ನೀರಿಗಿಂತ ಹಗುರ. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ತೇವವನ್ನು ಹೀರುತ್ತದೆ. ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ತಳಕ್ಕಿಳಿಯುತ್ತವೆ. ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ನಂಬುವಂಥದ್ದಲ್ಲ.

ಇಂಧನ ಸರಿಯಿದ್ದರೆ ಮುಂದಿನದು ಕಿಡಿ. ಟ್ಯಾಂಕನ್ನು ದೂರವಿಟ್ಟು, ಇಂಧನದ ಆವಿ ಚೆದುರಿದ ಮೇಲೆ, ಪ್ಲಗ್ಗಿನ ಲೋಹದ ಮೈಯನ್ನು ತೂತಿನಿಂದ ಆಚೆಗೆ ಎಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ತಾಗಿಸಿ ಹಗ್ಗ ಎಳೆಯಬೇಕು. ನೀಲಿ ಕಿಡಿ ಚಟಚಟನೆ ಹಾರಿದರೆ ಕ್ಷೇಮ. ಮಂಕಾದ ಕಿತ್ತಳೆ ಬಣ್ಣವಾದರೆ ಮೊದಲು ಬೇರೊಂದು ಪ್ಲಗ್ ಹಾಕಿ ನೋಡಿ. ಏನೂ ಕಾಣದಿದ್ದರೆ ನಿಲ್ಲಿಸುವ ಗುಂಡಿಯ ವೈರು ಬಿಡಿಸಿ ಇನ್ನೊಮ್ಮೆ ಪರೀಕ್ಷಿಸಿ. ಎಂಜಿನ್ ನಿಲ್ಲಿಸಲು ಆ ಗುಂಡಿ ಮಾಡುವ ಕೆಲಸವೇ ಕಿಡಿಯ ವಿದ್ಯುತ್ತನ್ನು ಎಂಜಿನ್ನಿನ ಮೈಗೆ ಹರಿಸಿಬಿಡುವುದು. ಉಪ್ಪುನೀರು ಇಳಿದು ಒಳಗೆ ತುಕ್ಕು ಹಿಡಿದರೆ ಒತ್ತದೆಯೂ ಅದು ಒತ್ತಿದಂತೆಯೇ ಇರುತ್ತದೆ. ತೀರ ಹಳೆಯ ಎಂಜಿನ್‌ಗಳಲ್ಲಿ ಫ್ಲೈವೀಲ್ ಅಡಿಯ ಪಾಯಿಂಟ್‌ಗಳಿಗೂ ಇದೇ ಉಪ್ಪು ಮೆತ್ತಿಕೊಂಡು ಕರೆಂಟ್ ಕಡಿಯುತ್ತದೆ.

ಎರಡೂ ಸರಿಯಿದ್ದು, ಹಗ್ಗ ಮಾತ್ರ ಎದುರೊತ್ತದೆ ಸಲೀಸಾಗಿ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅದು ಮೆಕ್ಯಾನಿಕ್ ಕೈಗೆ ಕೊಡುವ ಕೆಲಸ.

ಮುಂಜಾನೆ ಏಳದ ಎಂಜಿನ್ನಿನ ಕಾರಣ ಬಹಳ ಸಲ ಹಿಂದಿನ ಸಂಜೆಯದ್ದು. ದಡ ಹತ್ತಿರವಾಗುವಾಗಲೇ ಪೆಟ್ರೋಲಿಗೆ ಬದಲಿಸಿ, ಕಾರ್ಬುರೇಟರಿನ ಸೀಮೆಎಣ್ಣೆ ಪೂರ್ತಿ ಉರಿದು ಮುಗಿಯಲಿ. ದಡಕ್ಕೆ ಬಂದ ಮೇಲೆ ಸಿಹಿನೀರು ಹಾಯಿಸಿ ಒಳಗಿನ ಉಪ್ಪನ್ನು ತೊಳೆಯಿರಿ. ಟೂಲ್ ಚೀಲದಲ್ಲಿ ಹೊಸ ಪ್ಲಗ್ ಮತ್ತು ಅದನ್ನು ಬಿಚ್ಚುವ ಸ್ಪ್ಯಾನರ್ ಸದಾ ಇರಲಿ. ನಡುಗಡಲಲ್ಲಿ ಎಂಜಿನ್ ನಿಂತರೆ ಹೋಗುವುದು ದುಡಿಮೆಯೊಂದೇ ಅಲ್ಲ, ಜೀವಕ್ಕೂ ಅಪಾಯ.