ಹುಣ್ಣಿನ ವಯಸ್ಸು, ವೈರಾಣುವಿನ ವಂಶ

ಕಾಲುಬಾಯಿ ಜ್ವರ ಬಂದ ಹಸುವಿನ ನಾಲಗೆಯನ್ನು ಹೊರಗೆಳೆದು ಹಿಡಿಯುವುದು ಸುಲಭವಲ್ಲ. ನೋವಿಗೆ ಅದು ತಲೆ ಕೊಡವುತ್ತದೆ, ಜೊಲ್ಲಿಗೆ ಕೈ ಜಾರುತ್ತದೆ. ಒಬ್ಬರು ಮೂಗುದಾರ ಹಿಡಿದಿರಬೇಕು, ಇನ್ನೊಬ್ಬರು ಟಾರ್ಚ್ ಬಿಡಬೇಕು. ರೋಗ ಯಾವುದೆಂಬುದು ಅನುಭವಸ್ಥ ಪಶುವೈದ್ಯರಿಗೆ ಕೊಟ್ಟಿಗೆಯ ಬಾಗಿಲಲ್ಲೇ ಗೊತ್ತಾಗಿರುತ್ತದೆ. ಆ ಅರೆನಿಮಿಷದಲ್ಲಿ ಅವರು ಹುಡುಕುವುದು ಹುಣ್ಣಿನ ವಯಸ್ಸನ್ನು.

ನೀರುಗುಳ್ಳೆ ಇನ್ನೂ ಒಡೆಯದೆ ತುಂಬಿಕೊಂಡಿದ್ದರೆ ಒಂದೆರಡು ದಿನ. ಒಡೆದು, ಅಂಚಿನಲ್ಲಿ ತೊಗಲಿನ ಚೂರು ನೇತಾಡುತ್ತ, ಒಳಗೆ ಹಸಿ ಕೆಂಪು ಕಾಣುತ್ತಿದ್ದರೆ ಮೂರನೆಯ ದಿನದ ಆಸುಪಾಸು. ಅಂಚಿನ ಚೂಪು ಹೋಗಿ ಗಾಯದ ಮೇಲೆ ಪೊರೆ ಕೂರತೊಡಗಿದರೆ ನಾಲ್ಕು ದಾಟಿತು. ವಾರ ಕಳೆದರೆ ಗಾಯ ಗಟ್ಟಿಯಾಗುತ್ತ ಮಾಯುತ್ತದೆ. ಹತ್ತು ದಿನಕ್ಕೆ, ನಾಲಗೆಯ ಸಹಜ ಒರಟು ಕಳೆದುಹೋದ ಒಂದು ನುಣುಪು ಕಲೆ ಉಳಿಯುತ್ತದೆ, ಅಷ್ಟೆ. ಐದು ದಿನದ ತನಕ ಈ ಲೆಕ್ಕ ಒಂದು ದಿನ ಹಿಂದೆಮುಂದೆಯಾಗಿ ಸರಿಹೋಗುತ್ತದೆ, ಆಮೇಲೆ ಮಸುಕು. ಕೊಟ್ಟಿಗೆಯಲ್ಲಿ ನಾಲ್ಕು ರಾಸುಗಳಿದ್ದರೆ ನಾಲ್ಕರ ಬಾಯಿಯನ್ನೂ ನೋಡಬೇಕು. ಎಲ್ಲಕ್ಕಿಂತ ಹಳೆಯ ಹುಣ್ಣು ಯಾವುದರದೋ, ರೋಗ ಮೊದಲು ತಗುಲಿದ್ದು ಬಹುಮಟ್ಟಿಗೆ ಅದಕ್ಕೇ.

ಗಡಿ ದಾಟಿ ಬಂದ ಜಾನುವಾರು ರೋಗದ ಜಾಡು ಹಿಡಿಯುವ ವಿದ್ಯೆ ಶುರುವಾಗುವುದು ಇಲ್ಲಿಂದ, ಟಾರ್ಚಿನ ಬೆಳಕಲ್ಲಿ. ಹುಣ್ಣಿನ ದಿನದಿಂದ ಹಿಂದಕ್ಕೆ ಎರಡರಿಂದ ಹದಿನಾಲ್ಕು ದಿನ ಎಣಿಸಿದರೆ ವೈರಾಣು ಮೈಸೇರಿರಬಹುದಾದ ಅವಧಿ ಸಿಗುತ್ತದೆ. ಆ ಅವಧಿಯಲ್ಲಿ ಹಟ್ಟಿಗೆ ಯಾರು ಬಂದರು, ಏನು ಬಂತು? ಸಂತೆಯಿಂದ ತಂದ ಕರು, ದಲ್ಲಾಳಿ, ಮೇವಿನ ಟೆಂಪೊ, ಹೋರಿ ಕೊಡಿಸಲು ಹೊಡೆದುಕೊಂಡು ಹೋದದ್ದು, ಪಕ್ಕದ ಮನೆಯಿಂದ ಎರವಲು ತಂದ ಹಗ್ಗ, ಇನ್ನೊಂದು ಊರಿನ ಕೊಟ್ಟಿಗೆ ನೋಡಿಕೊಂಡು ಬಂದ ವೈದ್ಯರ ಬೂಟು ಕೂಡ. ಕೊನೆಯದನ್ನು ತಾವೇ ಪಟ್ಟಿಗೆ ಸೇರಿಸಿಕೊಳ್ಳುವ ವೈದ್ಯರ ಬಗ್ಗೆ ನನಗೆ ವಿಶೇಷ ಗೌರವ.

ರೈತರು ತಾರೀಕಿನಲ್ಲಿ ಉತ್ತರ ಕೊಡುವುದಿಲ್ಲ. “ಯಾವತ್ತಿಂದ ಮೇವು ಬಿಡ್ತು, ಯಜಮಾನ್ರೇ?” ಅಂದರೆ “ಅಮಾಸೆ ಮಾರನೇ ದಿವ್ಸ, ಸಾರ್” ಅನ್ನುತ್ತಾರೆ. ಅದು ಸಾಲದೇ ಹೋದಾಗ ನೆರವಿಗೆ ಬರುವುದು ಊರಿನ ಡೈರಿಯ ಪುಸ್ತಕ. ಹಾಲು ಉತ್ಪಾದಕರ ಸಂಘದಲ್ಲಿ ಬೆಳಗ್ಗೆ, ಸಂಜೆ ಯಾರು ಎಷ್ಟು ಲೀಟರು ಹಾಕಿದರೆಂದು ಬರೆದಿಟ್ಟಿರುತ್ತಾರೆ. ಜ್ವರ ಬಂದ ಹೊತ್ತಿಗೇ ಹಾಲು ಇಳಿದಿರುತ್ತದೆ. ಹಣ ಬಟವಾಡೆಗೆಂದು ಬರೆದ ಲೆಕ್ಕದಲ್ಲಿ ರೋಗ ಯಾವ ಮನೆಯಿಂದ ಯಾವ ಮನೆಗೆ ಸರಿಯಿತೆಂಬುದೂ ಕಾಣುತ್ತದೆ.

ಮೈಸೂರಿನವರಿಗೆ ಗಡಿ ದೂರದ ಮಾತಲ್ಲ. ನಂಜನಗೂಡು ದಾಟಿ ಗುಂಡ್ಲುಪೇಟೆಗೆ ಹೋದರೆ ಒಂದು ದಾರಿ ವಯನಾಡಿಗೆ, ಇನ್ನೊಂದು ಊಟಿಗೆ. ಎಚ್.ಡಿ. ಕೋಟೆ ಕಡೆಯಿಂದ ಹೋದರೆ ಬಾವಲಿ ಚೆಕ್‌ಪೋಸ್ಟಿನಾಚೆ ಕೇರಳ. ಚಾಮರಾಜನಗರದ ಘಟ್ಟ ಇಳಿದರೆ ತಮಿಳುನಾಡು. ತೆರಕಣಾಂಬಿಯ ದನದ ಸಂತೆಗೂ ಮುಡುಕುತೊರೆಯ ಜಾತ್ರೆಗೂ ಹೊರಗಿನ ವ್ಯಾಪಾರಿಗಳು ಬರುವುದು ಹೊಸದಲ್ಲ. ಸಂತೆಯಲ್ಲಿ ಕೈಬದಲಾದ ಎತ್ತು ಮಾರನೆಯ ದಿನ ಇನ್ನೊಂದು ರಾಜ್ಯದ ಗೂಟದಲ್ಲಿರುತ್ತದೆ. ಅದರ ಮೈಯೊಳಗೆ ವೈರಾಣು ಇದ್ದರೆ ಅದಕ್ಕೆ ಚೆಕ್‌ಪೋಸ್ಟಿನಲ್ಲಿ ಕಾಣುವಂಥ ಗುರುತು ಇನ್ನೂ ಮೂಡಿರದೆ ಇರಬಹುದು. ಆದ್ದರಿಂದ ಗೇಟಿನಲ್ಲಿ ನಿಲ್ಲಿಸಿ ನೋಡುವುದೊಂದನ್ನೇ ನಂಬಿ ಕೂರುವಂತಿಲ್ಲ. 2013ರಲ್ಲಿ ಕಾಲುಬಾಯಿ ಜ್ವರ ದಕ್ಷಿಣ ಕರ್ನಾಟಕದ ಹಟ್ಟಿಗಳಿಗೆ ನುಗ್ಗಿ ಸಾವಿರಾರು ರಾಸುಗಳು ಸತ್ತಾಗ ಈ ಭಾಗದ ಹಳ್ಳಿಗಳು ಅದನ್ನು ಕಣ್ಣಾರೆ ಕಂಡಿವೆ.

ರೈತರ ನೆನಪು, ಹುಣ್ಣಿನ ವಯಸ್ಸು, ಡೈರಿ ಲೆಕ್ಕ, ಇವೆಲ್ಲ ಸೇರಿ ನಾಲ್ಕೈದು ಊರುಗಳಾಚೆಗೆ ಕರೆದೊಯ್ಯುತ್ತವೆ. ಅಲ್ಲಿಂದ ಮುಂದೆ ಬೇಕಾಗುವುದು ವೈರಾಣುವಿನ ಸಾಕ್ಷ್ಯ. ಗುಳ್ಳೆಯ ಸಿಪ್ಪೆಯೋ, ಚರ್ಮಗಂಟು ರೋಗವಾದರೆ ಗಂಟಿನ ಚಕ್ಕೆಯೋ ಒಂದು ಸಣ್ಣ ಸೀಸೆಗೆ ಬಿದ್ದು, ಮಂಜುಗಡ್ಡೆಯ ಡಬ್ಬಿಯಲ್ಲಿ ಬೆಂಗಳೂರಿಗೆ ಹೋಗುತ್ತದೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ 1925ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ರಿಂಡರ್‌ಪೆಸ್ಟ್ ರೋಗಕ್ಕೆ ಸೀರಂ ತಯಾರಿಸಲು ಹುಟ್ಟಿದ್ದು. ಆ ರೋಗ ಭೂಮಿಯಿಂದಲೇ ಅಳಿಯಿತೆಂದು 2011ರಲ್ಲಿ ಘೋಷಣೆಯಾಯಿತು. ಸಂಸ್ಥೆ ಉಳಿದು ಇವತ್ತಿನ ರೋಗಗಳನ್ನು ನೋಡುತ್ತಿದೆ. ಯಲಹಂಕದಲ್ಲಿ ನಿವೇದಿ ಇದೆ, ಜಾನುವಾರು ರೋಗಗಳ ಹರಡುವಿಕೆಯ ಅಧ್ಯಯನವನ್ನೇ ಕಸುಬಾಗಿಸಿಕೊಂಡ ರಾಷ್ಟ್ರೀಯ ಸಂಸ್ಥೆ.

ಅಲ್ಲಿ ನಡೆಯುವ ಕೆಲಸವನ್ನು ಮೈಸೂರಿನ ಓದುಗರಿಗೆ ವಿವರಿಸಲು ನನಗೆ ದೂರ ಹೋಗಬೇಕಾಗಿಲ್ಲ. ನಮ್ಮ ಪ್ರಾಚ್ಯ ವಿದ್ಯಾ ಸಂಶೋಧನಾಲಯದ ಓಲೆಗರಿಗಳಿವೆ. ಒಂದೇ ಕಾವ್ಯದ ಹತ್ತು ಪ್ರತಿಗಳು ಸಿಕ್ಕಾಗ ಯಾವುದರಿಂದ ಯಾವುದನ್ನು ನಕಲು ಮಾಡಿದರು ಎಂದು ಸಂಪಾದಕರು ಹೇಗೆ ಹೇಳುತ್ತಾರೆ? ತಪ್ಪುಗಳಿಂದ. ಒಬ್ಬ ಲಿಪಿಕಾರ ಕೈತಪ್ಪಿ ಒಂದು ಅಕ್ಷರ ಬದಲಿಸಿದರೆ ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರಲ್ಲೂ ಆ ತಪ್ಪು ಇಳಿದುಬರುತ್ತದೆ. ಒಂದೇ ತಪ್ಪನ್ನು ಹಂಚಿಕೊಂಡ ಪ್ರತಿಗಳು ಒಂದೇ ಮನೆತನದವು. ಡಿ.ಎಲ್. ನರಸಿಂಹಾಚಾರ್ಯರು ಈ ಶಾಸ್ತ್ರಕ್ಕೇ ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕ ಮೀಸಲಿಟ್ಟರು. ವೈರಾಣು ಕೂಡ ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥ. ಪ್ರತಿ ಹಸುವಿನಲ್ಲೂ ಅದು ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದೆ, ನಕಲಿನಲ್ಲಿ ತಪ್ಪುತ್ತದೆ. ಆ ಪಾಠಾಂತರಗಳನ್ನು ಸಾಲಾಗಿಟ್ಟು ವಂಶವೃಕ್ಷ ಬರೆಯುವುದೇ ಪ್ರಯೋಗಾಲಯದ ಕೆಲಸ.

ಎಲ್ಲ ವೈರಾಣುಗಳೂ ಒಂದೇ ವೇಗದಲ್ಲಿ ತಪ್ಪುವುದಿಲ್ಲ. ಕಾಲುಬಾಯಿ ವೈರಾಣುವಿನದು ಸುಮಾರು 8,300 ಅಕ್ಷರಗಳ ಸಣ್ಣ ಗ್ರಂಥ, ಬಹಳ ಅವಸರದ ಲಿಪಿಕಾರ. ಅದರ ಹೊರಕವಚದ ಒಂದು ಭಾಗದ ಆರುನೂರು ಚಿಲ್ಲರೆ ಅಕ್ಷರಗಳಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ನೂರಕ್ಕೆ ಒಂದು ಬದಲಾಗುತ್ತದೆ. ಹಾಗಾಗಿ ಅಷ್ಟೇ ಭಾಗ ಓದಿದರೂ ಸಂಬಂಧ ಹೇಳಬಹುದು. 2013ರ ಕರ್ನಾಟಕದ ಸ್ಯಾಂಪಲ್‌ಗಳಲ್ಲಿ ಸಿಕ್ಕಿದ್ದು ಓ ಟೈಪಿನ, ‘ಇಂಡ್ 2001’ ಎಂಬ ವಂಶದ ವೈರಾಣು. 2001ರಲ್ಲಿ ಭಾರತದಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು. ಅದೇ ವಂಶ 2013ರಲ್ಲಿ ಲಿಬಿಯಾದಲ್ಲಿ, 2014ರಲ್ಲಿ ಟುನೀಶಿಯಾ, ಅಲ್ಜೀರಿಯಾಗಳಲ್ಲಿ, 2015ರಲ್ಲಿ ಲಾವೋಸ್, ವಿಯೆಟ್ನಾಂಗಳಲ್ಲಿ ಸಿಕ್ಕಿತು.

ಚರ್ಮಗಂಟು ರೋಗದ ವೈರಾಣುವಿನದು ಇನ್ನೊಂದು ಜಾತಿ. ಸುಮಾರು 1.5 ಲಕ್ಷ ಅಕ್ಷರಗಳ ಬೃಹದ್ಗ್ರಂಥ, ನಿಧಾನದ ಲಿಪಿಕಾರ. ಒಂದು ಪುಟ ಓದಿದರೆ ಹೆಚ್ಚೇನೂ ತಿಳಿಯುವುದಿಲ್ಲ, ಇಡೀ ಗ್ರಂಥ ಓದಬೇಕು. 1929ರಲ್ಲಿ ಈಗಿನ ಜಾಂಬಿಯಾದಲ್ಲಿ ಮೊದಲು ಕಂಡ ಈ ರೋಗ ದಶಕಗಳ ಕಾಲ ಸಹಾರಾದ ದಕ್ಷಿಣದ ಆಫ್ರಿಕಾ ಬಿಟ್ಟು ಕದಲಲಿಲ್ಲ. 1988ರಲ್ಲಿ ಈಜಿಪ್ಟ್, ಆಮೇಲೆ ಇಸ್ರೇಲ್, 2013ರಲ್ಲಿ ಟರ್ಕಿ, 2015ರಲ್ಲಿ ಗ್ರೀಸ್ ಮತ್ತು ರಷ್ಯಾ. 2019ರ ಜುಲೈ–ಆಗಸ್ಟ್‌ನಲ್ಲಿ ಬಾಂಗ್ಲಾದೇಶ, ಒಡಿಶಾ, ಚೀನಾದ ಷಿನ್‌ಜಿಯಾಂಗ್, ಮೂರೂ ಕಡೆ ಬೆನ್ನುಬೆನ್ನಿಗೆ ಕಾಣಿಸಿಕೊಂಡಿತು. ಮೂರಕ್ಕೂ ಮೂಲ ಒಂದೇ ಅಂತ ಯಾರಿಗಾದರೂ ಅನ್ನಿಸಬೇಕಾದ್ದೇ.

ಗ್ರಂಥ ಓದಿದಾಗ ಹಾಗಿರಲಿಲ್ಲ. ಒಡಿಶಾದ ವೈರಾಣು ಕೀನ್ಯಾದ ಹಳೆಯ ತಳಿಗಳಿಗೆ ಹತ್ತಿರ. ಇದನ್ನು ತೋರಿಸಿದ ಅಧ್ಯಯನದಲ್ಲಿ ನಮ್ಮ ನಿವೇದಿಯ ವಿಜ್ಞಾನಿಗಳ ಪಾಲಿದೆ. ಚೀನಾದ್ದು ಬೆರಕೆ. ಎರಡು ಪ್ರತಿಗಳನ್ನು ಎದುರಿಟ್ಟುಕೊಂಡು ಅಲ್ಲಿಷ್ಟು ಇಲ್ಲಿಷ್ಟು ಎತ್ತಿ ಬರೆದಂಥ ಮಿಶ್ರಪಾಠ. ಅಂಥದ್ದು 2017ರಲ್ಲಿ ರಷ್ಯಾದ ಸರಾತೋವ್‌ನಲ್ಲಿ ಮೊದಲು ಸಿಕ್ಕಿತ್ತು. ಹುಡುಕುತ್ತ ಹೋದ ವಿಜ್ಞಾನಿಗಳಿಗೆ ಅದರ ಬೇರು ಕಂಡದ್ದು ಕಜಕಸ್ತಾನದಲ್ಲಿ ಬಳಸಿದ ಒಂದು ಲಸಿಕೆಯಲ್ಲಿ. ಶುದ್ಧವಾಗಿರಬೇಕಿದ್ದ ಆ ಲಸಿಕೆಯಲ್ಲಿ ಒಂದಕ್ಕಿಂತ ಹೆಚ್ಚು ವೈರಾಣು ಸೇರಿಹೋಗಿದ್ದವು. ವಿಯೆಟ್ನಾಂ, ಥಾಯ್ಲೆಂಡ್ ಕಡೆ ಹಬ್ಬಿದ್ದು ಈ ಬೆರಕೆ ವಂಶವೇ. ಗ್ರಂಥ ಓದುವವರಿಲ್ಲದಿದ್ದರೆ ಈ ಸತ್ಯ ಯಾವ ಚೆಕ್‌ಪೋಸ್ಟಿನಲ್ಲೂ ಸಿಗುತ್ತಿರಲಿಲ್ಲ.

2022ರಲ್ಲಿ ನಮ್ಮ ದೇಶದಲ್ಲಿ ಈ ರೋಗಕ್ಕೆ ಒಂದು ಲಕ್ಷಕ್ಕೂ ಹೆಚ್ಚು ದನಗಳು ಬಲಿಯಾದವು. ಕರ್ನಾಟಕದ ಹಲವೆಡೆ ಸಂತೆ, ಜಾತ್ರೆ, ಸಾಗಣೆ ನಿಂತವು. ಆಗ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉತ್ಪಲ್ ತಾತು ಅವರ ತಂಡ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರ, ಕರ್ನಾಟಕಗಳಿಂದ ಗಂಟಿನ ಚೂರು, ರಕ್ತ, ಮೂಗಿನ ದ್ರವ ತರಿಸಿ 22 ಸ್ಯಾಂಪಲ್‌ಗಳ ಪೂರ್ಣ ಗ್ರಂಥ ಓದಿತು. 2024ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ದೇಶದಲ್ಲಿ ಓಡಾಡುತ್ತಿದ್ದದ್ದು ಎರಡು ಬಗೆಯ ವೈರಾಣು. ಒಂದು 2019ರ ರಾಂಚಿ, 2020ರ ಹೈದರಾಬಾದಿನ ತಳಿಗಳ ನೆಂಟ, ಬದಲಾವಣೆ ಕಡಿಮೆ. ಇನ್ನೊಂದರಲ್ಲಿ ಬದಲಾವಣೆಗಳು ರಾಶಿ. ಅದು ಹೋಲುವುದು 2015ರ ರಷ್ಯಾದ ತಳಿಯನ್ನು. ಒಟ್ಟು 1,800ಕ್ಕೂ ಹೆಚ್ಚು ವ್ಯತ್ಯಾಸಗಳು ಸಿಕ್ಕವು.

ಈ ಕಸುಬಿನವರ ಸಂಯಮ ನನಗೆ ಬಹಳ ಇಷ್ಟ. ರಷ್ಯಾದ ತಳಿಯನ್ನು ಹೋಲುತ್ತದೆ ಎಂದಮಾತ್ರಕ್ಕೆ ರಷ್ಯಾದಿಂದ ಬಂತು ಎಂದಾಗುವುದಿಲ್ಲ. ನಡುವಿನ ದೇಶಗಳಲ್ಲಿ ಯಾರೂ ಸ್ಯಾಂಪಲ್ ತೆಗೆಯದಿದ್ದರೆ, ವಂಶವೃಕ್ಷದಲ್ಲಿ ಅಕ್ಕಪಕ್ಕ ಕೂತ ಎರಡು ವೈರಾಣುಗಳ ಮಧ್ಯೆ ಕಾಣದ ಹತ್ತು ಗಡಿಗಳಿರಬಹುದು. ನೊಣ, ಸೊಳ್ಳೆ, ಉಣ್ಣೆಗಳು ಹತ್ತಿರದ ಕೊಟ್ಟಿಗೆಗಳಿಗೆ ಹರಡುತ್ತವೆ. ನೂರಾರು ಮೈಲಿ ಒಯ್ಯುವುದು ಬಹುಮಟ್ಟಿಗೆ ದನ ತುಂಬಿದ ಲಾರಿ. ಯಾವ ಲಾರಿ ಎಂದು ಹೇಳುವ ಶಕ್ತಿ ಅಕ್ಷರಗಳಿಗಿಲ್ಲ. ಅದಕ್ಕೆ ಮತ್ತೆ ಕೊಟ್ಟಿಗೆಯ ಬಾಗಿಲಿಗೇ ಬರಬೇಕು, ಅಮಾವಾಸ್ಯೆಯ ಮಾರನೆಯ ದಿನವೆಂದು ನೆನಪಿಟ್ಟುಕೊಂಡ ಯಜಮಾನರ ಹತ್ತಿರಕ್ಕೆ. ಸೀಸೆಯ ಮೇಲೆ ಊರು, ದಿನ, ರಾಸು ಎಲ್ಲಿಂದ ಬಂತು ಎಂಬುದನ್ನು ಬರೆಯದಿದ್ದರೆ ಒಳಗಿನ ಒಂದೂವರೆ ಲಕ್ಷ ಅಕ್ಷರಗಳಿಗೆ ಬೆಲೆಯಿಲ್ಲ.

ಇದರಿಂದ ರೈತರಿಗೇನು ಲಾಭ ಅಂತ ಕೇಳುವವರಿದ್ದಾರೆ. ಲಸಿಕೆ ಊರಿನಲ್ಲಿ ಓಡಾಡುವ ವೈರಾಣುವಿಗೆ ಹೊಂದಬೇಕು. ಹೊಂದುತ್ತದೋ ಇಲ್ಲವೋ ಹೇಳುವುದು ಈ ಓದು. ರಾಂಚಿಯಲ್ಲಿ 2019ರಲ್ಲಿ ಹಿಡಿದಿಟ್ಟ ವೈರಾಣುವಿನಿಂದಲೇ ಚರ್ಮಗಂಟು ರೋಗದ ದೇಶೀ ಲಸಿಕೆ ತಯಾರಾಯಿತು. ಅದಕ್ಕೂ ಮುಂಚೆ ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿ ಕಾಪಾಡಬೇಕಾಗಿತ್ತು.

ದನ ಸಾಕಿದವರಲ್ಲಿ ನನ್ನ ಬೇಡಿಕೆ ಇಷ್ಟು. ಹೊಸ ರಾಸು ತಂದರೆ ನಾಲ್ಕು ವಾರ ಬೇರೆ ಕಟ್ಟಿ. ಕಿವಿಯ ಹಳದಿ ಬಿಲ್ಲೆಯನ್ನು ಕೀಳಬೇಡಿ. ಆ ಹನ್ನೆರಡು ಅಂಕಿಗಳೇ ನಿಮ್ಮ ರಾಸಿನ ವಿಳಾಸ. ತಂದ ದಿನ, ಸಂತೆ, ಮಾರಿದವರ ಊರನ್ನು ಕ್ಯಾಲೆಂಡರಿನಲ್ಲಿ ಗುರುತುಹಾಕಿ. ಜ್ವರ, ಜೊಲ್ಲು, ಗಂಟು ಕಂಡ ಮೊದಲ ದಿನವೇ 1962ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಐದು ದಿನ ಕಳೆದರೆ ಹುಣ್ಣಿನ ವಯಸ್ಸು ಹೇಳುವುದು ಕಷ್ಟವಾಗುತ್ತದೆ.