ಹಳೆಯ ಪೇಟಿ ಸಾಲದಾದಾಗ

ಶ್ರಾವಣದ ಒಂದು ಸಂಜೆ ಹಾನಗಲ್ಲಿನಲ್ಲಿ ಪುರಾಣ ಮುಗಿಸಿ ಕುಳಿತಿದ್ದಾಗ ಸವಣೂರ ಕಡೆಯ ಭಕ್ತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಬಳಿಗೆ ಬಂದರು. ಎಲೆಬಳ್ಳಿಯ ತೋಟವೇ ಅವರ ಜೀವನಾಧಾರ. ಹುಡುಗಿ ನಾಲ್ಕು ವರ್ಷಗಳಿಂದ ಸಂಗೀತ ಕಲಿಯುತ್ತಿದ್ದಾಳೆ. ಮನೆಯಲ್ಲಿರುವ ಅಜ್ಜನ ಕಾಲದ ಸಿಂಗಲ್ ರೀಡಿನ ಹಾರ್ಮೋನಿಯಂ ಪೇಟಿ ಇನ್ನು ಸಾಲದೆಂದು ಅವಳ ಗುರುಗಳು ಹೇಳಿದ್ದರು. ತಂದೆಯಾದರೋ ಅಂಗಡಿಯಲ್ಲಿ ಕಂಡ ಸ್ಕೇಲ್ ಚೇಂಜರ್ ಪೇಟಿಗೆ ಮನಸೋತಿದ್ದರು. "ಸಾಲಾ ಮಾಡಿಯಾದ್ರೂ ಕೊಡಸ್ತೇನ್ರಿ ಶಾಸ್ತ್ರಿಗಳ, ಹುಡುಗಿ ಮನಸ್ಸು ಮುರೀಬಾರ್ದ್ರಿ" ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಸಾಲವೆಂದರೇನೆಂಬುದು ಆ ಮಗುವಿಗೆ ತಿಳಿಯದ್ದೇನಲ್ಲ.

ಪೇಟಿಯ ಪ್ರಶ್ನೆ ಹಾನಗಲ್ಲ ಸೀಮೆಯಲ್ಲಿ ಬಂದುದು ನಮಗೆ ಉಚಿತವಾಗಿಯೇ ಕಂಡಿತು. ಗಾನಯೋಗಿ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಜನಿಸಿದ ಕಾಡಶೆಟ್ಟಿಹಳ್ಳಿ ಇದೇ ತಾಲೂಕಿನದು. ಅಂಧ ಬಾಲಕನ ಕಂಠವನ್ನು ಗುರುತಿಸಿ ಅವರಿಗೆ ಶಿಕ್ಷಣದ ದಾರಿ ತೆರೆದವರು ಹಾನಗಲ್ಲ ಕುಮಾರ ಮಹಾಸ್ವಾಮಿಗಳು. 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳೂ ಈ ಸೀಮೆಯವರೇ. ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ಅವರು ಸೋದರಮಾವನ ಪೇಟಿಯ ಮೇಲೆ ಬೆರಳಾಡಿಸುತ್ತಿದ್ದುದನ್ನು ಕಂಡೇ ಆ ಮಾವ ಅವರನ್ನು ಪಂಚಾಕ್ಷರಿ ಗವಾಯಿಗಳ ಆಶ್ರಮಕ್ಕೆ ಸೇರಿಸಿದರು. ಆ ಪೇಟಿ ಎಂಥದಿತ್ತೆಂದು ಯಾರೂ ಬರೆದಿಡಲಿಲ್ಲ. ಬರೆದಿಡುವಂಥ ಸಂಗತಿಯೂ ಅದಾಗಿರಲಾರದು.

ಆದರೂ ಗುರುಗಳು ಹೇಳಿದುದು ಸುಳ್ಳಲ್ಲ. ಪೇಟಿಯ ಜೀವವಿರುವುದು ರೀಡಿನಲ್ಲಿ. ಹಿತ್ತಾಳೆಯ ತೆಳುನಾಲಿಗೆ ಗಾಳಿಗೆ ಕಂಪಿಸಿ ನಾದ ಹೊರಡಿಸುತ್ತದೆ. ಸಿಂಗಲ್ ರೀಡಿನಲ್ಲಿ ಬೆರಳಿಡುವ ಒಂದೊಂದು ಮನೆಗೂ ಒಂದೇ ನಾಲಿಗೆ. ಎದುರಿಗೆ ತಬಲಾ ಬಂತೆಂದರೆ ಆ ನಾದ ಅಡಗಿಹೋಗುತ್ತದೆ. ಡಬಲ್ ರೀಡಿನಲ್ಲಿ ಕೆಳಗಿನ ಸಪ್ತಕದ ಇನ್ನೊಂದು ನಾಲಿಗೆ ಜೊತೆಗೂಡುವುದರಿಂದ ನಾದಕ್ಕೆ ತುಂಬು ಬರುತ್ತದೆ. ಸೌರಾಷ್ಟ್ರದ ಪಾಲಿತಾಣಾ ಊರಿನ ರೀಡುಗಳಿಗೆ ಹೆಸರು ಹೆಚ್ಚು. ಆದ್ದರಿಂದ ಹಣವನ್ನು ರೀಡಿಗೂ ತಿದಿಗೂ ಹಾಕಬೇಕೆಂಬುದೇ ನಮ್ಮ ಮತ. ಉಳಿದುದೆಲ್ಲ ಅಲಂಕಾರ.

ಇದನ್ನು ನಾವು ನಷ್ಟಪಟ್ಟು ಕಲಿತೆವು. ಹಲವು ವರ್ಷಗಳ ಹಿಂದೆ ಹಿರೇಕೆರೂರ ಕಡೆಯ ಒಂದು ಪಾಠಶಾಲೆಗೆ ಪೇಟಿ ಕೊಳ್ಳಲು ಹೋದಾಗ ಒಂಬತ್ತು ಗುಂಡಿಗಳ ಥಳಥಳಿಸುವ ಪೇಟಿಯನ್ನೇ ಆರಿಸಿದೆವು. ಆಷಾಢದ ಮಳೆಗೆ ಕಟ್ಟಿಗೆ ಉಬ್ಬಿ ಎರಡು ಮನೆಗಳು ಒತ್ತಿದಲ್ಲೇ ಸಿಕ್ಕಿಕೊಂಡವು. ವರ್ಷ ತುಂಬುವುದರೊಳಗೆ ತಿದಿ ಸೋರತೊಡಗಿತು. ಬಿಚ್ಚಿ ನೋಡಿದರೆ ಗುಂಡಿಗಳಲ್ಲಿ ಅರ್ಧ ಯಾವುದಕ್ಕೂ ಜೋಡಿಸಿರಲೇ ಇಲ್ಲ! ಮಕ್ಕಳ ಮುಂದೆ ನಮಗಾದ ನಾಚಿಕೆಯನ್ನು ಏನೆಂದು ಹೇಳೋಣ.

ಆದುದರಿಂದ ಆ ತಂದೆಗೆ ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳನ್ನು ಹೇಳಿಕೊಟ್ಟೆವು. ಮೊದಲು ಗುಂಡಿಗಳನ್ನೆಲ್ಲ ಮುಚ್ಚಿ, ಯಾವ ಮನೆಯನ್ನೂ ಒತ್ತದೆ ತಿದಿ ಹಾಕಿ ನೋಡಬೇಕು. ಒಳಗೆ ತುಂಬಿದ ಗಾಳಿ ನಿಲ್ಲಬೇಕು. ಬೇಗನೆ ಇಳಿದರೆ ಸೋರಿಕೆಯಿದೆ ಎಂದರ್ಥ. ಬಳಿಕ ಗುಂಡಿಗಳನ್ನು ತೆರೆದು ಮತ್ತೆ ತಿದಿ ಹಾಕಬೇಕು. ಮುಟ್ಟದ ಮನೆಯೇ ನುಡಿದರೆ ಅದರ ಕೆಳಗಿನ ಮುಚ್ಚಳ ಸರಿಯಾಗಿ ಕೂತಿಲ್ಲ. ಆಮೇಲೆ ಒಂದೊಂದೇ ಮನೆಯನ್ನು ಮೆಲ್ಲಗೂ ಜೋರಾಗಿಯೂ ನುಡಿಸಬೇಕು. ಸಣ್ಣ ಗಾಳಿಗೆ ಒಂದು ನಾಲಿಗೆ ತಡವಾಗಿ ನುಡಿದರೆ ಕಿವಿಗೆ ತಿಳಿಯುತ್ತದೆ. ಷಡ್ಜವನ್ನೂ ತಾರಷಡ್ಜವನ್ನೂ ಕೂಡಿಸಿ ಹಿಡಿದಾಗ ನಾದ ಅಲೆಯಲೆಯಾಗಿ ಅಲುಗಿದರೆ ಶ್ರುತಿ ಕೂಡಿಲ್ಲವೆಂದೇ ತಿಳಿಯಬೇಕು. ಶ್ರುತಿಯನ್ನು ತಿದ್ದಬಹುದು, ಬಲ್ಲವರು ನಾಲಿಗೆಯ ತುದಿಯನ್ನು ಕೆರೆದು ಸ್ವರವನ್ನು ಏರಿಸುತ್ತಾರೆ, ಬುಡವನ್ನು ಕೆರೆದು ಇಳಿಸುತ್ತಾರೆ; ಆದರೆ ಬಿರುಕುಬಿಟ್ಟ ಕಟ್ಟಿಗೆಯನ್ನು ತಿದ್ದುವುದು ಸುಲಭವಲ್ಲ.

ಸ್ಕೇಲ್ ಚೇಂಜರ್ ಬೇಡವೆಂದು ನಾವು ಖಂಡಿತವಾಗಿ ಹೇಳಿದೆವು. ಅದರಲ್ಲಿ ಮನೆಗಳ ಸಾಲೇ ಅತ್ತಿತ್ತ ಸರಿಯುವುದರಿಂದ ಬೆರಳಿನ ಅಭ್ಯಾಸ ಒಂದೇ ಇದ್ದರೂ ಶ್ರುತಿ ಬದಲಾಗುತ್ತದೆ. ಊರೂರು ತಿರುಗಿ ಹಲವು ಗಾಯಕರಿಗೆ ಸಾಥ್ ಕೊಡುವವರಿಗೆ ಅದು ಉಪಕಾರಿ. ಕಲಿಯುವವರಿಗೆ ಹಾಗಲ್ಲ. ಬಿಳಿ ಒಂದರಿಂದಲೂ ಕರಿ ನಾಲ್ಕರಿಂದಲೂ ಅಲಂಕಾರಗಳನ್ನು ನುಡಿಸಿ ಬೆರಳು ಪಳಗಿಸಬೇಕಾದ ವಯಸ್ಸಿನಲ್ಲಿ ಆ ಶ್ರಮವನ್ನೇ ಅದು ಕಸಿದುಕೊಳ್ಳುತ್ತದೆ. ತೂಕವೂ ಹೆಚ್ಚು, ಕೆಟ್ಟರೆ ರಿಪೇರಿಯೂ ತೊಡಕಿನದು. ಅದಕ್ಕೆ ಬದಲಾಗಿ ಮೂರೂವರೆ ಸಪ್ತಕದ, 42 ಮನೆಗಳ ಸಾಧಾರಣ ಡಬಲ್ ರೀಡ್ ಪೇಟಿ ಸಾಕು.

ಹುಡುಗಿ ಆಗ ಮೊದಲ ಬಾರಿ ಬಾಯಿ ತೆರೆದಳು. "ಅಜ್ಜಾರ, ಪೇಟಿ ಹಿಡದು ಹಾಡಿದ್ರ ಸ್ವರ ಪಕ್ಕಾ ಆಗ್ತೇತೇನ್ರಿ?" ಜಾಣ ಪ್ರಶ್ನೆ. ಪೇಟಿಯು 1842ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಕಾಲ್ತಿದಿಯ ವಾದ್ಯದಿಂದ ಬಂದುದು. ನೆಲದ ಮೇಲೆ ಕುಳಿತು ಕೈಯಿಂದ ತಿದಿ ಹಾಕುವ ರೂಪವನ್ನು ಅದಕ್ಕೆ ಕೊಟ್ಟವರು ಕಲಕತ್ತೆಯವರು. ಅದರ ಹನ್ನೆರಡು ಸ್ವರಗಳು ಕಟ್ಟಿಟ್ಟಂತಿರುತ್ತವೆ, ಮೀಂಡ್ ಹೊರಡುವುದಿಲ್ಲ. ಈ ಕಾರಣಕ್ಕಾಗಿಯೇ ಆಕಾಶವಾಣಿಯು 1940ರಲ್ಲಿ ಅದನ್ನು ಹೊರಗಿಟ್ಟಿತ್ತು. 1971ರವರೆಗೆ ಆ ನಿಷೇಧ ಸಡಿಲಲಿಲ್ಲ. ನಿಷೇಧ ಅತಿಯಾಯಿತೆಂಬುದು ನಮ್ಮ ಅಭಿಪ್ರಾಯ, ಕಾರಣವಂತೂ ಹುಸಿಯಲ್ಲ. ಬೆಳಗಿನ ಕಂಠಸಾಧನೆಯನ್ನು ತಂಬೂರಿಯ ಶ್ರುತಿಗೇ ಮಾಡಬೇಕೆಂದು ಅವಳಿಗೆ ಹೇಳಿದೆವು. ಈಗ ಆ ಶ್ರುತಿ ತಂದೆಯ ಮೊಬೈಲಿನಲ್ಲಿಯೇ ಖರ್ಚಿಲ್ಲದೆ ದೊರೆಯುತ್ತದೆ.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳೇದ್ ತಗೊಂಡ್ರ ಮಂದಿ ಏನಂದಾರ್ರಿ?" ಎಂದರು. ನಮ್ಮ ಸಮಾಜದ ಎಷ್ಟೋ ಸಾಲಗಳು ಈ ಪ್ರಶ್ನೆಯಿಂದಲೇ ಹುಟ್ಟಿವೆ. ಪಳಗಿದ ಪೇಟಿಯ ಕಟ್ಟಿಗೆ ಹಲವು ಮಳೆಗಾಲ ಕಂಡು ನಿಂತಿರುತ್ತದೆ. ಕೊಳ್ಳುವಾಗ ಗುರುಗಳು ಜೊತೆಗಿದ್ದರೆ ಸಾಕೆಂದೆವು.

ದೀಪಾವಳಿಯ ಹೊತ್ತಿಗೆ ಹಿರೇಕೆರೂರ ಕಡೆಯ, ನಾಟಕಗಳಿಗೆ ಪೇಟಿ ನುಡಿಸಿ ಈಗ ಕೈ ನಡುಗುವ ಮಾಸ್ತರರೊಬ್ಬರ ಡಬಲ್ ರೀಡ್ ಪೇಟಿ ಸಿಕ್ಕಿತು. ಗುರುಗಳೇ ಹೋಗಿ ಅರ್ಧ ದಿನ ನುಡಿಸಿ ನೋಡಿದರು. ತಿದಿಗೆ ಹೊಸ ಚರ್ಮ ಹಾಕಿಸಿದ ಮೇಲೂ ಸಾಲದ ಮಾತು ಬರಲಿಲ್ಲ. ಉಳಿದ ದುಡ್ಡು ಹುಡುಗಿಯ ಪಾಠಕ್ಕೂ ಬಸ್ ಚಾರ್ಜಿಗೂ ಆಯಿತು. ಅಜ್ಜನ ಪೇಟಿಯನ್ನು ಶಿಗ್ಗಾವಿ ಕಡೆಯ ಒಂದು ಭಜನಾ ಮೇಳದವರು ಒಯ್ದಿದ್ದಾರೆ. ಅಲ್ಲಿ ಶಿಶುನಾಳ ಶರೀಫರ ತತ್ವಪದಗಳಿಗೆ ಅದು ಧಾರಾಳವಾಗಿ ಸಾಲುತ್ತದೆ. ಮಧ್ಯಮದ ಒಂದು ರೀಡು ಮಾತ್ರ ಇನ್ನೂ ಬದಲಾಗಬೇಕಾಗಿದೆ.