ಸುಲ್ತಾನನ ತೋಟಕ್ಕೆ ಮೂರು ಬಾವಿ, ನಮ್ಮ ಕ್ಯಾಂಪಸ್ ಲಾನ್‌ಗೆ?

ವೈಟ್‌ಫೀಲ್ಡ್ ಟ್ರಾಫಿಕ್‌ನಲ್ಲಿ ಕೂತು ಕೇಳ್ತಿರೋರಿಗೂ, ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಹೊರಟಿರೋರಿಗೂ ಸ್ವಾಗತ.

2024ರ ಮಾರ್ಚ್ ನೆನಪಿದೆಯಾ? ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾಯ್ತಿದ್ದ ದಿನಗಳು. ಕುಡಿಯುವ ನೀರನ್ನು ಗಾರ್ಡನ್‌ಗೆ, ಕಾರಂಜಿಗೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸ್ತು. ನಾನು ಕೆಲಸ ಮಾಡೋ ಕ್ಯಾಂಪಸ್‌ನ ಲಾನ್ ಕೆಲವೇ ವಾರಗಳಲ್ಲಿ ಒಣಗಿತು. ಆಗ ನನಗೆ ಒಂದು ಪ್ರಶ್ನೆ ಬಂತು: ಬೋರ್‌ವೆಲ್, ಟ್ಯಾಂಕರ್ ಏನೂ ಇಲ್ಲದ ಕಾಲದಲ್ಲಿ ಇದೇ ಊರಲ್ಲಿ ರಾಜರು ತೋಟ ಹೇಗೆ ಮಾಡ್ತಿದ್ರು?

ಉತ್ತರ ಲಾಲ್‌ಬಾಗ್‌ನಲ್ಲಿದೆ. ನಾವು ಅದನ್ನ ಫ್ಲವರ್ ಶೋ ಜಾಗ ಅಂತ ನೋಡ್ತೀವಿ. ಆದರೆ 1760ರಲ್ಲಿ ಹೈದರ್ ಅಲಿ ಅದನ್ನ ಶುರು ಮಾಡಿದ್ದು ಕೋಟೆಯ ಹೊರಗಿನ ಅರಮನೆ ತೋಟವಾಗಿ, ಸುಮಾರು 40 ಎಕರೆಯಲ್ಲಿ. ಮಾದರಿ ಸಿಕ್ಕಿದ್ದು ಮೊಘಲರ ಆಡಳಿತ ಕೇಂದ್ರವಾಗಿದ್ದ ಶಿರಾದ ತೋಟದಿಂದ.

ಮೊಘಲ್ ತೋಟಗಳ ಮೂಲ ವಿನ್ಯಾಸ ಚಾರ್‌ಬಾಗ್. ಪರ್ಷಿಯನ್‌ನಲ್ಲಿ ಚಾರ್ ಅಂದ್ರೆ ನಾಲ್ಕು, ಬಾಗ್ ಅಂದ್ರೆ ತೋಟ. ಎರಡು ಕಾಲುವೆ ಅಡ್ಡಡ್ಡ ಹಾಯ್ದು ಜಾಗವನ್ನ ನಾಲ್ಕು ಚೌಕ ಮಾಡ್ತವೆ. ನಡೆಯೋ ದಾರಿ ಎತ್ತರದಲ್ಲಿ, ಗಿಡಗಳ ಮಡಿ ತಗ್ಗಿನಲ್ಲಿ. ನೋಡೋಕೆ ಚೆಂದ, ಜೊತೆಗೆ ನೀರು ತಾನಾಗೇ ಮಡಿಗೆ ಇಳಿಯುತ್ತೆ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಇಲ್ಲಿಗೆ ಬಂದ. ಮೈಸೂರು ಸೀಮೆಯ ಬೇಸಾಯದ ಸರ್ವೆ ಮಾಡೋದು ಅವನ ಕೆಲಸ. ಅವನು ಕಂಡಿದ್ದು ಚೌಕ ಚೌಕದ ಮಡಿಗಳು, ದಾರಿಯ ಅಂಚಿಗೆ ಸೈಪ್ರಸ್ ಮರಗಳು. ಒಂದೊಂದು ಚೌಕಕ್ಕೆ ಒಂದೊಂದೇ ಗಿಡ: ಇಲ್ಲಿ ಪೂರ್ತಿ ಗುಲಾಬಿ, ಅಲ್ಲಿ ಪೂರ್ತಿ ದಾಳಿಂಬೆ. ಯೋಚನೆ ಮಾಡಿ, ಯಾವ ಮಡಿಗೆ ಎಷ್ಟು ನೀರು ಬೇಕು ಅನ್ನೋ ಲೆಕ್ಕ ಇದರಿಂದ ಎಷ್ಟು ಸುಲಭ!

ಈ ತೋಟಗಳ ದೊಡ್ಡ ಕೊರತೆ ನೀರು ಅಂತಲೂ ಅವನೇ ಬರೆದಿದ್ದಾನೆ. ಟಿಪ್ಪುವಿನ ತೋಟಕ್ಕೆ ಇದ್ದಿದ್ದು ಮೂರು ಬಾವಿ. ನೀರೆತ್ತೋಕೆ ಕಪಿಲೆ: ತೊಗಲಿನ ಚೀಲ, ರಾಟೆ, ಹಗ್ಗ, ಒಂದು ಜೋಡಿ ಎತ್ತು. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದ ಹಾಗೆ ಅವುಗಳ ತೂಕವೂ ಸೇರಿ ಚೀಲ ಮೇಲೆ ಬರ್ತಿತ್ತು. ಒಂದೊಂದು ಚೀಲಕ್ಕೂ ಎತ್ತು ಅಷ್ಟು ದೂರ ನಡೀಬೇಕು. ಹಾಗಿದ್ದಾಗ ನೀರು ಪೋಲು ಮಾಡೋಕೆ ಯಾರಿಗೆ ಮನಸ್ಸು ಬರುತ್ತೆ? ಅಂದ್ರೆ ಈ ಗೆರೆ, ಚೌಕ, ಕಾಲುವೆಗಳು ಬರೀ ಅಲಂಕಾರ ಆಗಿರಲಿಲ್ಲ.

ಆಮೇಲೆ ತೋಟ ಬದಲಾಯ್ತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯ್ತು, 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು, 1908ರಿಂದ ಜರ್ಮನಿಯ ಕ್ರುಂಬಿಗಲ್ ಇದರ ಹೊಣೆ ಹೊತ್ತರು. ಇವತ್ತು ಲಾಲ್‌ಬಾಗ್ 240 ಎಕರೆ. ಹಳೆಯ ಚೌಕಗಳನ್ನ ಈಗ ಗುರುತಿಸೋದು ಕಷ್ಟ.

ನಮ್ಮ ಟೆಕ್ ಪಾರ್ಕ್‌ಗಳಲ್ಲೂ ನೇರ ದಾರಿ, ಸಾಲುಮರ, ನಡುವೆ ಕಾರಂಜಿ ಇದ್ದೇ ಇದೆ. ನೋಟ ಅರಮನೆ ತೋಟದ್ದೇ. ಆದರೆ ನೀರಿನ ಲೆಕ್ಕ ಎಲ್ಲಿ? ಪಂಪಿನ ಸ್ವಿಚ್ ಒತ್ತಿದರೆ ನೀರು ಬರುತ್ತೆ, ಹಾಗಾಗಿ ಯಾರೂ ಕೇಳೋದಿಲ್ಲ. ನೀವು ನಾಳೆ ನಿಮ್ಮ ಕ್ಯಾಂಪಸ್‌ನ ಮಾಲಿಯವರನ್ನ ಕೇಳಿ ನೋಡಿ: "ಅಣ್ಣಾ, ಈ ಹುಲ್ಲಿಗೆ ನೀರು ಎಲ್ಲಿಂದ ಬರುತ್ತೆ?" ಎಸ್‌ಟಿಪಿಯ ಸಂಸ್ಕರಿಸಿದ ನೀರು ಅಂದ್ರೆ ಖುಷಿಪಡಿ. ಟ್ಯಾಂಕರ್ ಅಂದ್ರೆ, ಇನ್ನೊಂದು ಪ್ರಶ್ನೆಯನ್ನ ಮ್ಯಾನೇಜ್‌ಮೆಂಟ್‌ಗೆ ಕೇಳಿ.

ಬಿಡುವಿದ್ದಾಗ ಲಾಲ್‌ಬಾಗ್‌ಗೂ ಹೋಗಿ. ಪೀಣ್ಯದಿಂದ ಹಸಿರು ಮೆಟ್ರೋ ನೇರ ಅಲ್ಲಿಗೇ ಹೋಗುತ್ತೆ. ವೈಟ್‌ಫೀಲ್ಡ್‌ನವರು ಮೆಜೆಸ್ಟಿಕ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರೋಡ್‌ನಲ್ಲಿ ಇಳಿದು ಬದಲಾಯಿಸಿ. ಈ ಸಲ ಹೂವಿನ ಜೊತೆ ನೀರಿನ ದಾರಿಯನ್ನೂ ಹುಡುಕಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.